ಕಡಲಿಗೆ ಬೀಗ ಹಾಕುವುದು ಹೇಗೆ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ಒಂದು ಗಳಿಗೆ ನಿಲ್ಲದೆ ಮುಂದೆ ಸಾಗುವ ಪ್ರಯಾಣಿಕರು ಅಪರೂಪ. ಶಾಂತಿಸಾಗರವೆಂದೂ ಹೆಸರಾದ ಈ ಕೆರೆಯ ನೀರು ತುಂಬಿದಾಗ ಸುಮಾರು ೨೭ ಚದರ ಕಿಲೋಮೀಟರುಗಳಷ್ಟು ಹರಡಿಕೊಳ್ಳುತ್ತದೆ. ಇಷ್ಟು ನೀರನ್ನು ಹಿಡಿದು ನಿಲ್ಲಿಸಿರುವ ಏರಿಯಾದರೋ ಎರಡು ಗುಡ್ಡಗಳ ನಡುವಣ ಕಂಡಿಯಲ್ಲಿ ಕಟ್ಟಿದ್ದು. ಅದರ ಉದ್ದ ಒಂದು ಸಾವಿರ ಅಡಿಗಿಂತಲೂ ಕಡಿಮೆ. ಹರಿದ್ರಾ ಹಳ್ಳವು ಗುಡ್ಡಗಳ ಸಾಲನ್ನು ಸೀಳಿಕೊಂಡು ಹೊರಬರುವ ಆ ಒಂದೇ ಸ್ಥಳವನ್ನು ಮುಚ್ಚಿದರೆ ಹಿಂದಿನ ಬಯಲೆಲ್ಲ ಕೆರೆಯಾಗುವುದೆಂಬುದನ್ನು, ಶತಮಾನಗಳ ಹಿಂದೆ ಅದನ್ನು ಕಟ್ಟಿಸಿದವರು ಚೆನ್ನಾಗಿ ಅರಿತಿದ್ದರು.

ಅದೇ ಏರಿಯ ಮೇಲೆ ನಿಂತು ಇನ್ನೊಂದು ಸಂಗತಿಯನ್ನೂ ಗಮನಿಸಬಹುದು. ಮೀನುಗಾರನ ಹರಿಗೋಲು ನಡುನೀರಿನಲ್ಲಿ ತೇಲುವಂತೆಯೇ, ಕೆರೆಯಂಚಿನ ಜೊಂಡಿನ ನಡುವೆ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಭಾರವಾದ ದೊಡ್ಡ ದೋಣಿಯನ್ನು ಅಲ್ಲಿಗೆ ತಂದರೆ ಅದು ಕೆಸರಿನಲ್ಲಿ ಕುಳಿತುಬಿಡುತ್ತದೆ.

ಕಿರಿದಾದ ಬಾಯನ್ನು ಮುಚ್ಚಿ ವಿಶಾಲವಾದುದನ್ನು ಹಿಡಿದಿಡುವುದು ಒಂದು. ಆಳವಿಲ್ಲದ ಅಂಚಿನಲ್ಲಿ ಹಿರಿದಕ್ಕಿಂತ ಕಿರಿದೇ ಮೇಲಾಗುವುದು ಇನ್ನೊಂದು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ, ನೆಪೋಲಿಯನ್ನನ ಕಾಲದ ನೌಕಾಯುದ್ಧಗಳ ಬಹುಭಾಗವು ವಿದ್ಯಾರ್ಥಿಗಳಿಗೆ ತಾನಾಗಿಯೇ ಅರ್ಥವಾಗುತ್ತದೆ. ಆ ಯುದ್ಧಗಳೆಂದರೆ ಹಡಗುಗಳು ಎದುರುಬದುರಾಗಿ ನಿಂತು ತೋಪು ಹಾರಿಸುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಅಂತಹ ದಿನಗಳು ಕೆಲವೇ. ಉಳಿದ ದಿನಗಳೆಲ್ಲ ಕಾವಲಿನಲ್ಲಿ ಕಳೆಯುತ್ತಿದ್ದವು. ಶತ್ರುವಿನ ರೇವಿನ ಮುಂದೆ ಹಡಗುಗಳನ್ನು ನಿಲ್ಲಿಸಿ, ಒಳಗಿನವರು ಹೊರಗೆ ಬಾರದಂತೆ, ಹೊರಗಿನವರು ಒಳಗೆ ಹೋಗದಂತೆ ತಡೆಯುವ ಈ ಕ್ರಮಕ್ಕೆ ಕಡಲ ದಿಗ್ಬಂಧನವೆಂದು ಹೆಸರು. ಅದು ಯೂರೋಪಿನಲ್ಲಿ ಮಾತ್ರ ನಡೆದ ಸಂಗತಿಯಲ್ಲ. ನಮ್ಮ ಮಂಗಳೂರು ಹೊನ್ನಾವರಗಳ ಮುಂದೆಯೂ ಅದು ನಡೆಯಿತು. ಒಂದು ರಾಜ್ಯದ ಅಳಿವು ಉಳಿವು ಅದರೊಡನೆ ತಳುಕುಹಾಕಿಕೊಂಡಿತ್ತು.

ಮಂಗಳೂರಿನ ಮುಂದೆ ಒಂದು ದಿನ

ಹೈದರ್ ಅಲಿಯು ೧೭೬೩ರಲ್ಲಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು, ಗೆದ್ದ ಮೇಲೆ ಅದರ ವಶದಲ್ಲಿದ್ದ ಕರಾವಳಿಯೂ ಮೈಸೂರಿಗೆ ಸೇರಿತು. ಒಳನಾಡಿನ ರಾಜ್ಯಕ್ಕೆ ಕಡಲ ಬಾಗಿಲು ದೊರೆತಂತಾಯಿತು. ಕೆನರಾದ ಅಕ್ಕಿ, ಮೆಣಸು, ಶ್ರೀಗಂಧಗಳು ಆ ಬಾಗಿಲಿನಿಂದ ಮಸ್ಕತ್ತಿನವರೆಗೆ ಹೋಗುತ್ತಿದ್ದವು. ಕುದುರೆಗಳೂ ಯುದ್ಧಸಾಮಗ್ರಿಯೂ ಒಳಗೆ ಬರುತ್ತಿದ್ದವು. ಈ ಬಾಗಿಲನ್ನು ಕಾಯಲು ಹೈದರನು ಮಂಗಳೂರಿನಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದನು.

೧೭೮೦ರ ಡಿಸೆಂಬರ್ ೮ರಂದು ಇಂಗ್ಲಿಷ್ ನೌಕಾಧಿಪತಿ ಸರ್ ಎಡ್ವರ್ಡ್ ಹ್ಯೂಸ್ ತನ್ನ ಹಡಗುಗಳೊಡನೆ ಮಂಗಳೂರಿನ ಮುಂದೆ ಕಾಣಿಸಿಕೊಂಡನು. ನೆಪೋಲಿಯನ್ ಬೊನಾಪಾರ್ಟೆ ಆಗ ಹನ್ನೊಂದು ವರ್ಷದ ಶಾಲಾಬಾಲಕ. ಆದರೆ ಹಡಗು, ಹಾಯಿ, ತೋಪುಗಳ ರೀತಿ ಅಲ್ಲಿಂದ ೧೮೧೫ರವರೆಗೆ ಹೆಚ್ಚು ಬದಲಾಗಲಿಲ್ಲವಾದುದರಿಂದ ಈ ಪ್ರಸಂಗವನ್ನು ನಾವು ಮಾದರಿಯಾಗಿ ತೆಗೆದುಕೊಳ್ಳಬಹುದು. ಹೈದರನ ಬಾವುಟವನ್ನು ಹಾರಿಸಿದ್ದ ಎರಡು ದೊಡ್ಡ ಹಡಗುಗಳು (ಒಂದು ೨೮ ತೋಪುಗಳದು, ಇನ್ನೊಂದು ೨೬ ತೋಪುಗಳದು), ಗುರಾಬು ಎಂಬ ದೇಶೀಯ ಯುದ್ಧನೌಕೆ ಹಾಗೂ ಕೆಲವು ಚಿಕ್ಕ ನೌಕೆಗಳು ದಡಕ್ಕೆ ಸಮೀಪವಾಗಿ ಲಂಗರು ಹಾಕಿ ನಿಂತಿದ್ದವು. ಹ್ಯೂಸನ ಹೆಬ್ಬಡಗುಗಳ ತೋಪುಗಳ ಮುಂದೆ ಇವು ಎಣಿಕೆಗೆ ಬರುವಂಥವಲ್ಲ. ಆದರೂ ಆ ಹೆಬ್ಬಡಗುಗಳು ಇವುಗಳ ಹತ್ತಿರಕ್ಕೆ ಬರಲಾರದೆ ಹೋದವು. ನೀರಿನ ಆಳ ಅನುಮತಿಸುವಷ್ಟು ಮಾತ್ರ ಒಳಕ್ಕೆ ಬಂದು ಅವು ಲಂಗರು ಹಾಕಬೇಕಾಯಿತು.

ಆಗ ಹ್ಯೂಸ್ ತನ್ನ ಹಡಗುಗಳ ದೋಣಿಗಳನ್ನು ಕೆಳಗಿಳಿಸಿ, ಅವುಗಳಲ್ಲಿ ಆಯುಧಸಹಿತರಾದ ನಾವಿಕರನ್ನು ತುಂಬಿ ಕಳುಹಿಸಿದನು. ಕಡಮೆ ನೀರಿನಲ್ಲಿ ಚಲಿಸಬಲ್ಲ ಕೆಲವು ಸಣ್ಣ ನೌಕೆಗಳು ಅವರ ಬೆಂಬಲಕ್ಕೆ ಗುಂಡು ಹಾರಿಸುತ್ತ ಮುಂದೆ ಸಾಗಿದವು. ಮೈಸೂರಿನವರು ಬಲವಾಗಿಯೇ ಎದುರಿಸಿದರು. ಆದರೂ ಕೊನೆಗೆ ಎರಡು ದೊಡ್ಡ ಹಡಗುಗಳೂ ಸುಟ್ಟು ನಾಶವಾದವು. ಶತ್ರುವಿನ ದೋಣಿಗಳು ಬಂದು ತಗಲುತ್ತಿದ್ದಂತೆಯೇ ಗುರಾಬನ್ನು ಅದರವರೇ ಸಿಡಿಸಿಬಿಟ್ಟರು. ಚಿಕ್ಕ ನೌಕೆಗಳು ವಶವಾದವು, ಇಲ್ಲವೆ ದಡಕ್ಕೆ ಹತ್ತಿದವು. ಒಂದು ನೌಕೆ ಮಾತ್ರ ತನ್ನಲ್ಲಿದ್ದ ಸಾಮಾನುಗಳನ್ನೆಲ್ಲ ನೀರಿಗೆಸೆದು, ಹಗುರವಾಗಿ, ಅಳಿವೆಯನ್ನು ದಾಟಿ ನದಿಯೊಳಕ್ಕೆ ತಪ್ಪಿಸಿಕೊಂಡಿತು.

ಹಲವು ವರ್ಷಗಳ ಶ್ರಮದಿಂದ ಕಟ್ಟಿದ ನೌಕಾಬಲ ಒಂದು ದಿನದಲ್ಲಿ ಹೋಯಿತು. ಅದನ್ನು ನಾಶಮಾಡಿದ್ದು ಹೆಬ್ಬಡಗಿನ ತೋಪುಗಳಲ್ಲ, ಹುಟ್ಟು ಹಾಕುವ ದೋಣಿಗಳು. ಹೀಗಾದುದೇಕೆ?

ನೀರಿನ ಆಳದ ಲೆಕ್ಕ

ನಮ್ಮ ಕರಾವಳಿಯ ನದಿಗಳು ಘಟ್ಟದಿಂದ ರಭಸವಾಗಿ ಇಳಿದು, ಮರಳನ್ನೂ ಮಣ್ಣನ್ನೂ ಹೊತ್ತು ತರುತ್ತವೆ. ಕಡಲನ್ನು ಸೇರುವಲ್ಲಿ ನೀರಿನ ವೇಗ ತಗ್ಗುತ್ತದೆ. ವೇಗ ತಗ್ಗಿದ ನೀರು ಮರಳನ್ನು ಹೊರಲಾರದೆ ಕೆಳಗೆ ಬಿಡುತ್ತದೆ. ಎದುರಿನಿಂದ ಬರುವ ಅಲೆಗಳು ಆ ಮರಳನ್ನು ಮತ್ತೆ ದಡದತ್ತ ತಳ್ಳುತ್ತವೆ. ಹೀಗೆ ಅಳಿವೆಯ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬ ಬೆಳೆಯುತ್ತದೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡುವ ಮಂಗಳೂರಿನ ಅಳಿವೆಯಲ್ಲಿಯೂ, ಶರಾವತಿಯು ಕಡಲು ಸೇರುವ ಹೊನ್ನಾವರದಲ್ಲಿಯೂ ಇದೇ ಕಥೆ.

ಆ ಕಾಲದ ೭೪ ತೋಪುಗಳ ಯುದ್ಧನೌಕೆ ತೇಲಬೇಕಾದರೆ ಆರು ಮೀಟರಿಗೂ ಹೆಚ್ಚು ಆಳದ ನೀರು ಬೇಕು. ಹುಟ್ಟಿನ ದೋಣಿಗೆ ಒಂದು ಮೀಟರು ಸಾಕು. ಕಡಲ ತಳವು ದಡದಿಂದ ಪ್ರತಿ ೩೦೦ ಮೀಟರಿಗೆ ಒಂದು ಮೀಟರಿನಂತೆ ಇಳಿಯುವ ಒಂದು ತೀರವನ್ನು ಊಹಿಸಿಕೊಳ್ಳಿ. ಅಲೆಯ ಏರಿಳಿತಕ್ಕೆಂದು ಒಂದು ಮೀಟರನ್ನು ಬಿಟ್ಟರೆ ಹೆಬ್ಬಡಗಿಗೆ ೭ ಮೀಟರು ಆಳ ಬೇಕು. ಅಂದರೆ ಅದು ದಡದಿಂದ ೨೧೦೦ ಮೀಟರು ದೂರದಲ್ಲಿ ನಿಲ್ಲಬೇಕು. ಅಂದಿನ ತೋಪುಗಳು ಗುರಿಯಿಟ್ಟು ಹೊಡೆಯಬಲ್ಲ ದೂರ ಕೆಲವು ನೂರು ಮೀಟರುಗಳು ಮಾತ್ರ. ಹಡಗಿನ ಬಲವೆಲ್ಲ ಇದ್ದೂ ಇಲ್ಲದಂತಾಯಿತಲ್ಲವೇ?

ಸಾಮಾನುಗಳನ್ನೆಸೆದು ತಪ್ಪಿಸಿಕೊಂಡ ನೌಕೆಯ ವಿಷಯವನ್ನೂ ಆರ್ಕಿಮಿಡೀಸನ ತತ್ತ್ವದಿಂದ ಲೆಕ್ಕಹಾಕಬಹುದು. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ನೀರಿನ ಮಟ್ಟದಲ್ಲಿ ನೌಕೆಯ ಅಡ್ಡಕೊಯ್ತದ ವಿಸ್ತೀರ್ಣ ೧೨೦ ಚದರ ಮೀಟರೆಂದು ಇಟ್ಟುಕೊಳ್ಳೋಣ. ಆಗ ಅದು ಒಂದು ಸೆಂಟಿಮೀಟರು ಮೇಲೇಳಬೇಕಾದರೆ ಸುಮಾರು ೧.೨ ಟನ್ನು ಭಾರ ಇಳಿಯಬೇಕು. ತೋಪು, ಗುಂಡು, ನೀರಿನ ಪೀಪಾಯಿ, ತಳಭಾರದ ಕಲ್ಲು ಎಲ್ಲ ಸೇರಿ ೩೬ ಟನ್ನುಗಳನ್ನು ಹೊರಗೆಸೆದರೆ ಅದು ೩೦ ಸೆಂಟಿಮೀಟರು, ಎಂದರೆ ಒಂದು ಅಡಿ ಮೇಲೇಳುತ್ತದೆ. ಮರಳದಿಬ್ಬದ ಮೇಲೆ ಒಂದು ಅಡಿ ನೀರೆಂದರೆ ಬದುಕು ಸಾವುಗಳ ಅಂತರ.

ಇಲ್ಲಿ ಪ್ರಕೃತಿಯ ಇನ್ನೊಂದು ಕುಚೋದ್ಯವನ್ನೂ ಗಮನಿಸಬೇಕು. ಕಡಲನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸಾಂದ್ರವಾದುದು. ಆದ್ದರಿಂದ ಕಡಲಿನಿಂದ ನದಿಗೆ ಬರುವ ಹಡಗು ಇನ್ನೂ ಸ್ವಲ್ಪ ಕೆಳಗಿಳಿಯುತ್ತದೆ. ಮೂರು ಮೀಟರು ಮುಳುಗಿದ್ದದ್ದು ಸುಮಾರು ಏಳು ಸೆಂಟಿಮೀಟರು ಹೆಚ್ಚಾಗಿ ಮುಳುಗುತ್ತದೆ. ಎಲ್ಲಿ ಆಳ ಕಡಮೆಯೋ ಅಲ್ಲಿಯೇ ಹಡಗಿಗೆ ಹೆಚ್ಚು ಆಳ ಬೇಕಾಗುತ್ತದೆ!

ತೋಳಿನ ಬಲ

ದೋಣಿಯ ಇನ್ನೊಂದು ಗುಣವೆಂದರೆ ಅದಕ್ಕೆ ಗಾಳಿಯ ಹಂಗಿಲ್ಲ. ಬಲವಾದ ಮನುಷ್ಯನು ಬಹಳ ಹೊತ್ತು ದುಡಿಯುವಾಗ ಸುಮಾರು ಒಂದು ಅಶ್ವಶಕ್ತಿಯ ಹತ್ತನೆಯ ಒಂದು ಪಾಲನ್ನು ಒದಗಿಸಬಲ್ಲನು. ಹದಿನಾರು ಮಂದಿ ಹುಟ್ಟು ಹಾಕುವ ದೋಣಿಯ ಶಕ್ತಿ ಹೀಗೆ ಒಂದೂವರೆ ಅಶ್ವಶಕ್ತಿ. ಇಂದಿನ ಸಣ್ಣ ಮೋಟಾರು ಸೈಕಲ್ಲಿಗಿಂತಲೂ ಕಡಮೆಯಾದ ಈ ಶಕ್ತಿಯಿಂದ ಹಗುರವಾದ ದೋಣಿ ಸೆಕೆಂಡಿಗೆ ಎರಡು ಮೀಟರಿನಂತೆ ಚಲಿಸುತ್ತದೆ. ನಾವು ಹೇಳಿದ ೨೧೦೦ ಮೀಟರುಗಳನ್ನು ಅದು ಹದಿನೆಂಟು ನಿಮಿಷಗಳಲ್ಲಿ ದಾಟಬಲ್ಲುದು.

ದೋಣಿಯಲ್ಲಿರುವವರಿಗೆ ನಿಜವಾಗಿ ಅಪಾಯಕರವಾದದ್ದು ಕೊನೆಯ ೩೦೦ ಮೀಟರು. ಅಷ್ಟು ಹತ್ತಿರದಲ್ಲಿ ತೋಪಿನಿಂದ ಸಣ್ಣ ಗುಂಡುಗಳ ಗೊಂಚಲನ್ನು ಹಾರಿಸಿದರೆ ದೋಣಿಯಲ್ಲಿ ಉಳಿಯುವವರು ಕೆಲವರೇ. ಆ ಅಂತರವನ್ನು ದಾಟಲು ೧೫೦ ಸೆಕೆಂಡು ಬೇಕು. ತೋಪನ್ನು ಒಮ್ಮೆ ಹಾರಿಸಿ, ಒರಸಿ, ಮದ್ದು ಗುಂಡು ತುಂಬಿ, ಮತ್ತೆ ಹಾರಿಸಲು ಪಳಗಿದವರಿಗೂ ಒಂದೂವರೆ ನಿಮಿಷವಾದರೂ ಹಿಡಿಯುತ್ತಿತ್ತು. ಹಾಗಾದರೆ ಪ್ರತಿಯೊಂದು ತೋಪಿಗೂ ದೊರೆಯುವ ಅವಕಾಶ ಒಂದೋ ಎರಡೋ ಸಲ ಮಾತ್ರ. ರಾತ್ರಿಯ ಕತ್ತಲಲ್ಲಿ, ಹುಟ್ಟಿನ ಕೀಲುಗಳಿಗೆ ಬಟ್ಟೆ ಸುತ್ತಿ ಸದ್ದಡಗಿಸಿ, ತೋಪುಗಳು ಕಡಮೆಯಿರುವ ಮುಂಬದಿಯಿಂದಲೋ ಹಿಂಬದಿಯಿಂದಲೋ ಬಂದರೆ ಆ ಅವಕಾಶವೂ ತಪ್ಪುತ್ತದೆ. ಹಗಲಿನಲ್ಲಿ, ಎಚ್ಚೆತ್ತ ಶತ್ರುವಿನ ಮುಂದೆ ಹೋದವರು ಪ್ರಾಣದ ಬೆಲೆಯನ್ನು ತೆರಬೇಕಾಗುತ್ತಿತ್ತು.

ಎಚ್ಚರವಿದ್ದವರ ಮುಂದೆ ದೋಣಿಗಳ ಆಟ ರಾತ್ರಿಯಲ್ಲಿಯೂ ನಡೆಯುತ್ತಿರಲಿಲ್ಲ. ೧೮೦೧ರ ಆಗಸ್ಟ್ ೧೫ರ ರಾತ್ರಿ ಪ್ರಸಿದ್ಧನಾದ ನೆಲ್ಸನ್ನನೇ ಫ್ರಾನ್ಸಿನ ಬುಲೋನ್ ರೇವಿನ ಮೇಲೆ ದೋಣಿಗಳ ಗುಂಪುಗಳನ್ನು ಕಳುಹಿಸಿದನು. ಕಡಲಿನ ಸೆಳವು ಆ ಗುಂಪುಗಳನ್ನು ಕತ್ತಲಲ್ಲಿ ಬೇರೆಬೇರೆಯಾಗಿ ಚೆದುರಿಸಿತು. ಫ್ರೆಂಚರು ತಮ್ಮ ನೌಕೆಗಳನ್ನು ಸರಪಣಿಗಳಿಂದ ಬಿಗಿದು ಕಾದಿದ್ದರು. ಹಿಡಿದ ನೌಕೆಯನ್ನು ಎಳೆದೊಯ್ಯಲಾಗದೆ, ಬಹುಮಂದಿಯನ್ನು ಕಳೆದುಕೊಂಡು ಇಂಗ್ಲಿಷರು ಹಿಮ್ಮೆಟ್ಟಿದರು.

ಕಣ್ಣು ಎಷ್ಟು ದೂರ ಕಾಣುತ್ತದೆ?

ಇನ್ನು ಕಾವಲಿನ ಪ್ರಶ್ನೆ. ಒಂದು ಕರಾವಳಿಯನ್ನು ಕಾಯಲು ಎಷ್ಟು ಹಡಗುಗಳು ಬೇಕು? ಭೂಮಿ ಗುಂಡಗಿರುವುದರಿಂದ ನಮ್ಮ ನೋಟಕ್ಕೆ ಒಂದು ಎಲ್ಲೆಯಿದೆ. ಕಣ್ಣಿನ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು ೩.೫೭ರಿಂದ ಗುಣಿಸಿದರೆ ಕ್ಷಿತಿಜದ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಕೂವೆಮರದ ಮೇಲೆ ೩೬ ಮೀಟರು ಎತ್ತರದಲ್ಲಿ ಕುಳಿತ ಕಾವಲುಗಾರನಿಗೆ ಕ್ಷಿತಿಜ ೨೧ ಕಿಲೋಮೀಟರು ದೂರದಲ್ಲಿರುತ್ತದೆ. ಅದರಾಚೆಗೆ ಬರುತ್ತಿರುವ ಹಡಗಿನ ಕೂವೆಮರ ೨೫ ಮೀಟರು ಎತ್ತರವಾಗಿದ್ದರೆ, ಅದರ ತುದಿ ಒಟ್ಟು ೩೯ ಕಿಲೋಮೀಟರು ದೂರದಿಂದಲೇ ಅವನಿಗೆ ಕಾಣುವುದು ಸಾಧ್ಯ.

ಮಂಗಳೂರಿನಿಂದ ಹೊನ್ನಾವರಕ್ಕೆ ನೇರವಾಗಿ ಸುಮಾರು ೧೬೦ ಕಿಲೋಮೀಟರು. ಪ್ರತಿಯೊಂದು ಹಡಗೂ ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು ಕಿಲೋಮೀಟರು ನೋಡಬಲ್ಲದಾದರೆ, ಬಿಸಿಲಿನ ದಿನದಲ್ಲಿ ನಾಲ್ಕೇ ಹಡಗುಗಳು ಈ ತೀರವನ್ನು ಕಾಯಬಲ್ಲವು. ಆದರೆ ಕತ್ತಲೆಯಲ್ಲಿ ನೋಟ ಒಂದೂವರೆ ಕಿಲೋಮೀಟರಿಗೆ ಇಳಿದರೆ? ಆಗ ಐವತ್ತಕ್ಕೂ ಹೆಚ್ಚು ಹಡಗುಗಳು ಬೇಕು. ಅಷ್ಟು ಹಡಗುಗಳು ಯಾರ ಬಳಿಯೂ ಇರಲಿಲ್ಲ. ಹಗಲು ಹೆಬ್ಬಡಗಿನದು, ರಾತ್ರಿ ದೋಣಿಯದು ಎಂಬುದು ಈ ಲೆಕ್ಕದ ತಾತ್ಪರ್ಯ.

ಹಗಲಿನಲ್ಲಿಯೂ ದೋಣಿಗೆ ಒಂದು ಅನುಕೂಲವಿದೆ. ನಮ್ಮ ಕಣ್ಣು ಒಂದು ಮೀಟರು ಎತ್ತರದ ವಸ್ತುವನ್ನು ಸುಮಾರು ಮೂರೂವರೆ ಕಿಲೋಮೀಟರು ದೂರದಲ್ಲಿಟ್ಟರೆ ಅದನ್ನು ಒಂದು ಚುಕ್ಕೆಯಾಗಿ ಮಾತ್ರ ಕಾಣಬಲ್ಲುದು. ಹಾಯಿ ಇಳಿಸಿ ದಡದ ತೆಂಗಿನ ಸಾಲಿನ ಹಿನ್ನೆಲೆಯಲ್ಲಿ ಸಾಗುವ ದೋಣಿಯನ್ನು ದೂರದರ್ಶಕದಿಂದಲೂ ಗುರುತಿಸುವುದು ಕಷ್ಟ. ಇದಕ್ಕೆ ತಕ್ಕಂತೆ ಗಾಳಿಯೂ ಸಹಾಯಕ್ಕೆ ಬರುತ್ತದೆ. ಮಳೆಗಾಲ ಕಳೆದ ಮೇಲೆ, ರಾತ್ರಿ ನೆಲವು ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಗಾಳಿ ಬೀಸುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿನಿಂದ ಬೀಸುತ್ತದೆ. ಪತ್ತೆಮಾರಿ, ಮಂಜಿಗಳನ್ನು ನಡೆಸುವ ನಮ್ಮ ಕರಾವಳಿಯ ನಾವಿಕರು ಈ ಎರಡು ಗಾಳಿಗಳನ್ನು ಬಳಸಿ, ದಡವನ್ನು ಬಿಡದೆ, ಅಳಿವೆಯಿಂದ ಅಳಿವೆಗೆ ಸಾಗುತ್ತಿದ್ದರು. ಅಪಾಯ ಕಂಡರೆ ಒಳಗೆ ನುಗ್ಗುವುದಕ್ಕೆ ಮರಳದಿಬ್ಬದ ಹಿಂದೆ ಎಲ್ಲೆಡೆಯೂ ಒಂದು ಮನೆ ಸಿದ್ಧವಾಗಿತ್ತು.

ಗಾಳಿಯ ಆಜ್ಞೆ

ಅಡ್ಡಹಾಯಿಗಳ ಹಡಗು ಗಾಳಿಗೆ ನೇರವಾಗಿ ಎದುರು ಹೋಗಲಾರದು. ಗಾಳಿ ಬರುವ ದಿಕ್ಕಿಗೆ ಸುಮಾರು ೬೭ ಡಿಗ್ರಿ ಕೋನದಲ್ಲಿ ಮಾತ್ರ ಅದು ಓರೆಯಾಗಿ ಸಾಗಬಲ್ಲುದು. ಗಂಟೆಗೆ ಹತ್ತು ಕಿಲೋಮೀಟರು ಓಡಿದರೂ ಗಾಳಿಯ ಕಡೆಗೆ ಮುಂದುವರಿದದ್ದು ನಾಲ್ಕು ಕಿಲೋಮೀಟರು ಮಾತ್ರ. ಅದರಲ್ಲಿಯೂ ಅಲೆಗಳು ಪಕ್ಕಕ್ಕೆ ತಳ್ಳಿದ್ದನ್ನು ಕಳೆದರೆ ಬಿರುಗಾಳಿಯ ದಿನ ಉಳಿಯುವುದು ಸೊನ್ನೆ. ಗಾಳಿ ದಡದತ್ತ ಬೀಸುತ್ತಿರುವಾಗ ಇಂತಹ ಹಡಗು ದಡದ ಹತ್ತಿರವಿದ್ದರೆ ಅದರ ಗತಿ ಮುಗಿದಂತೆಯೇ.

ಈ ಕಾರಣದಿಂದ ನಮ್ಮ ಪಶ್ಚಿಮ ಕರಾವಳಿಗೆ ಮುಂಗಾರು ತಾನೇ ಒಂದು ದಿಗ್ಬಂಧನ. ಜೂನ್ ತಿಂಗಳಿನಿಂದ ನೈಋತ್ಯದ ಗಾಳಿ ನೇರವಾಗಿ ದಡಕ್ಕೆ ಅಪ್ಪಳಿಸುತ್ತದೆ. ಅಳಿವೆಗಳ ಮೇಲೆ ಅಲೆಗಳು ಒಡೆಯುತ್ತವೆ. ಹಡಗುಗಳು ತೀರವನ್ನು ಬಿಟ್ಟು ಹೋಗುತ್ತವೆ. ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿ ಮೀನುಗಾರರು ಮತ್ತೆ ದೋಣಿಗಳನ್ನು ನೀರಿಗಿಳಿಸುವ ಸಂಪ್ರದಾಯ ಈ ಬೀಗ ಸಡಿಲವಾಗುವ ಕಾಲವನ್ನೇ ಸೂಚಿಸುತ್ತದೆ. ಹಿಂಗಾರಿನಲ್ಲಿ ಮದರಾಸಿನ ತೀರ ಅಪಾಯಕರವಾಗುತ್ತಿದ್ದುದರಿಂದಲೇ ೧೭೮೦ರಲ್ಲಿ ಹ್ಯೂಸ್ ಅಲ್ಲಿಂದ ಹೊರಟು ಪಶ್ಚಿಮ ತೀರಕ್ಕೆ ಬಂದದ್ದು.

ಮೂರು ವರ್ಷಗಳ ಮೇಲೆ ಇದೇ ಗಾಳಿ ಇಂಗ್ಲಿಷರಿಗೆ ಮುಳುವಾಯಿತು. ೧೭೮೩ರ ಮೊದಲ ಭಾಗದಲ್ಲಿ ಅವರು ಮಂಗಳೂರಿನ ಕೋಟೆಯನ್ನು ಹಿಡಿದರು. ಮೇ ತಿಂಗಳಿನಲ್ಲಿ ಟಿಪ್ಪು ಸುಲ್ತಾನನು ಬಂದು ಅದನ್ನು ಮುತ್ತಿದನು. ಕಡಲಿನ ಮೇಲೆ ಇಂಗ್ಲಿಷರಿಗೆ ಸಮನಾದ ಹಡಗುಗಳು ಟಿಪ್ಪುವಿನ ಬಳಿ ಇರಲಿಲ್ಲ. ಆದರೆ ಮಳೆಗಾಲದಲ್ಲಿ ಆ ಹಡಗುಗಳಿಂದ ಕೋಟೆಯವರಿಗೆ ಆದ ಪ್ರಯೋಜನವೇನು? ಆಗಸ್ಟ್ ತಿಂಗಳಿನಲ್ಲಿ ಕದನವಿರಾಮವಾದ ಮೇಲೂ ಕೋಟೆಯ ಸುತ್ತಣ ಬಿಗಿ ಸಡಿಲಲಿಲ್ಲ. ನವೆಂಬರಿನಲ್ಲಿ ಸೈನ್ಯವನ್ನೂ ಆಹಾರವನ್ನೂ ಹೊತ್ತ ಹಡಗುಗಳು ಮುಂದೆ ಬಂದು ನಿಂತರೂ ಕದನವಿರಾಮದ ಕಟ್ಟಿಗೆ ಒಳಪಟ್ಟು ಸೈನ್ಯ ಕೆಳಗಿಳಿಯಲಿಲ್ಲ. ಹಸಿವು, ರೋಗಗಳಿಂದ ಬಳಲಿದ ಕಾವಲುಪಡೆ ೧೭೮೪ರ ಜನವರಿಯ ಕೊನೆಯಲ್ಲಿ ಕೋಟೆಯನ್ನು ಒಪ್ಪಿಸಿತು. ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು. ಕಡಲನ್ನು ಆಳುವುದು ಬೇರೆ, ಅಳಿವೆಯನ್ನು ಆಳುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ.

ಯೂರೋಪಿನಲ್ಲಿ ಗಾಳಿ ಇಂಗ್ಲಿಷರ ಪಕ್ಷವನ್ನು ವಹಿಸಿತ್ತು. ಫ್ರಾನ್ಸಿನ ಮುಖ್ಯ ನೌಕಾನೆಲೆಯಾದ ಬ್ರೆಸ್ಟ್ ಆ ದೇಶದ ಪಶ್ಚಿಮದ ತುದಿಯಲ್ಲಿದೆ. ಪಶ್ಚಿಮದ ಬಿರುಗಾಳಿ ಎದ್ದರೆ ಕಾವಲಿನ ಹಡಗುಗಳು ದೂರ ಸರಿಯಬೇಕಾಗುತ್ತಿತ್ತು, ನಿಜ. ಆದರೆ ಅದೇ ಗಾಳಿ ಫ್ರೆಂಚ್ ಹಡಗುಗಳನ್ನೂ ರೇವಿನೊಳಗೇ ಕೂಡಿಹಾಕುತ್ತಿತ್ತು. ಪೂರ್ವದ ಗಾಳಿ ಬೀಸಿ ಫ್ರೆಂಚರಿಗೆ ಹೊರಬರಲು ಅನುಕೂಲವಾದರೆ, ಅಷ್ಟರೊಳಗೆ ಕಡಲು ಶಾಂತವಾಗಿ ಕಾವಲಿನವರೂ ತಮ್ಮ ಜಾಗಕ್ಕೆ ಹಿಂದಿರುಗುತ್ತಿದ್ದರು. ಈ ಕಾವಲನ್ನು ೧೮೦೩ರಿಂದ ೧೮೦೬ರವರೆಗೆ ನಡೆಸಿದವನು ವಿಲಿಯಂ ಕಾರ್ನ್‌ವಾಲಿಸ್; ಟಿಪ್ಪುವಿನೊಡನೆ ಯುದ್ಧಮಾಡಿದ ಗವರ್ನರ್ ಜನರಲ್ ಕಾರ್ನ್‌ವಾಲಿಸನ ತಮ್ಮ. ಅವನು ಇದೇ ವಿದ್ಯೆಯನ್ನು ಹಿಂದೆ ನಮ್ಮ ತೀರದಲ್ಲಿಯೇ ಪ್ರಯೋಗಿಸಿದ್ದನೆಂಬುದು ಅನೇಕರಿಗೆ ತಿಳಿಯದು.

ಗೋಡೆಯಲ್ಲ, ಜರಡಿ

೧೭೯೧ರಲ್ಲಿ ಮೂರನೆಯ ಮೈಸೂರು ಯುದ್ಧ ನಡೆದಿತ್ತು. ಟಿಪ್ಪುವಿಗೆ ಯುದ್ಧಸಾಮಗ್ರಿ ಹೋಗದಂತೆ ತಡೆಯಲು ಈ ವಿಲಿಯಂ ಕಾರ್ನ್‌ವಾಲಿಸನು ತಲಚೇರಿಯಲ್ಲಿ ನಿಂತು, ಮಂಗಳೂರಿಗೆ ಹೋಗುವ ಹಡಗುಗಳನ್ನು ಶೋಧಿಸುತ್ತಿದ್ದನು. ಆಗ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧವಿರಲಿಲ್ಲ. ಆದರೂ ನವೆಂಬರ್ ೧೮ರಂದು ವ್ಯಾಪಾರದ ಹಡಗುಗಳಿಗೆ ಬೆಂಗಾವಲಾಗಿದ್ದ ‘ರೆಸೊಲ್ಯೂ’ ಎಂಬ ಫ್ರೆಂಚ್ ಯುದ್ಧನೌಕೆ ಶೋಧನೆಗೆ ಒಪ್ಪದೆ ‘ಫೀನಿಕ್ಸ್’ ಎಂಬ ಇಂಗ್ಲಿಷ್ ನೌಕೆಯೊಡನೆ ಕಾದಿ ಸೋತಿತು. ದಿಗ್ಬಂಧನವು ಮಿತ್ರ, ಶತ್ರು, ತಟಸ್ಥ ಎಂಬ ಭೇದಗಳನ್ನು ಹೇಗೆ ಅಳಿಸಿಹಾಕುತ್ತದೆಂಬುದಕ್ಕೆ ಇದು ಸಾಕ್ಷಿ.

ಹಾಗೆಂದು ಈ ಕಾವಲಿನಲ್ಲಿ ತೂತುಗಳಿರಲಿಲ್ಲವೆಂದಲ್ಲ. ಟಿಪ್ಪುವಿನ ರಾಯಭಾರಿಗಳು ಫ್ರೆಂಚರ ಅಧೀನದಲ್ಲಿದ್ದ ಮಾರಿಷಸ್ ದ್ವೀಪಕ್ಕೆ ಹೋಗಿ, ೧೭೯೮ರ ಏಪ್ರಿಲಿನಲ್ಲಿ ‘ಪ್ರೆನ್ಯೂಸ್’ ಎಂಬ ಫ್ರೆಂಚ್ ಯುದ್ಧನೌಕೆಯಲ್ಲಿ ಹಿಂದಿರುಗಿದರು. ದಾರಿಯಲ್ಲಿ ಆ ನೌಕೆ ತಲಚೇರಿಯ ಮುಂದೆಯೇ ಎರಡು ಇಂಗ್ಲಿಷ್ ಕಂಪನಿ ಹಡಗುಗಳನ್ನು ಸೆರೆಹಿಡಿದು, ಅನಂತರ ಮಂಗಳೂರಿಗೆ ಬಂದು ಸೇರಿತು. ಆದರೆ ಅದರಿಂದ ಇಳಿದ ಫ್ರೆಂಚ್ ಸಹಾಯವೆಂದರೆ ಸುಮಾರು ನೂರು ಮಂದಿ ಸ್ವಯಂಸೇವಕರು. ರಾಯಭಾರಿಗಳು ಬರಬಹುದು, ನೂರು ಜನ ಬರಬಹುದು. ಹತ್ತು ಸಾವಿರ ಜನರ ಸೈನ್ಯ, ಅದರ ತೋಪು, ಕುದುರೆ, ಮದ್ದುಗುಂಡುಗಳು ಬರಬೇಕಾದರೆ ನೂರಾರು ಹಡಗುಗಳ ಸಾಲು ಬೇಕು. ಅಂತಹ ಸಾಲು ಯಾರ ಕಣ್ಣಿಗೂ ಬೀಳದೆ ಸಾಗಲಾರದು. ದಿಗ್ಬಂಧನವು ಗೋಡೆಯಲ್ಲ, ಜರಡಿ. ಸಣ್ಣದು ಸೋರಿಹೋಗುತ್ತದೆ, ದೊಡ್ಡದು ನಿಂತುಬಿಡುತ್ತದೆ. ಯುದ್ಧವನ್ನು ನಿರ್ಣಯಿಸುವುದು ದೊಡ್ಡದೇ.

ಅದೇ ವರ್ಷದ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದನು. ಆಗಸ್ಟ್ ೧ರಂದು ನೆಲ್ಸನ್ ಅವನ ಹಡಗುಗಳನ್ನು ನೈಲ್ ನದಿಯ ಮುಖದ ಬಳಿ ನಾಶಮಾಡಿದನು. ಲಂಗರು ಹಾಕಿದ್ದ ಹಡಗುಗಳು ದಡದ ಕಡಮೆ ನೀರನ್ನು ನಂಬಿ ಕೆಟ್ಟ ಇನ್ನೊಂದು ಪ್ರಸಂಗವದು. ೧೭೯೯ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಒಂದು ಪತ್ರವನ್ನು ಬರೆದನು. ಕೆಂಪು ಸಮುದ್ರದ ದಾರಿಯಲ್ಲಿ ಅದು ಇಂಗ್ಲಿಷರ ಕೈಗೆ ಸಿಕ್ಕಿತು. ಟಿಪ್ಪುವಿಗೆ ತಲುಪಲೇ ಇಲ್ಲ. ಜರಡಿಯಲ್ಲಿ ಸಣ್ಣದೂ ಒಮ್ಮೊಮ್ಮೆ ಸಿಕ್ಕಿಕೊಳ್ಳುವುದುಂಟು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ೧೭೯೬ರಲ್ಲಿ ಅವನು ೨೦ ಹೆಬ್ಬಡಗುಗಳನ್ನೂ ೨೦ ಮಧ್ಯಮ ಯುದ್ಧನೌಕೆಗಳನ್ನೂ ಕಟ್ಟಬೇಕೆಂದು ಆಜ್ಞೆ ಮಾಡಿದ್ದನು. ಘಟ್ಟದ ತೇಗವೂ ಅವನ ಕೈಯಲ್ಲಿತ್ತು. ಆ ಯೋಜನೆ ಪೂರ್ಣವಾಗಲು ಕಾಲ ಒದಗಲಿಲ್ಲ.

ಕೆಂಪು ಸಮುದ್ರದ ಬಾಯಿಯಾದ ಬಾಬೆಲ್ ಮಾಂಡೆಬ್ ಜಲಸಂಧಿಯನ್ನು ಮುಚ್ಚಲು ಇಂಗ್ಲಿಷರು ಅದೇ ಮೇ ತಿಂಗಳಿನಲ್ಲಿ ಅಲ್ಲಿನ ಪೆರಿಂ ದ್ವೀಪವನ್ನು ಆಕ್ರಮಿಸಿದರು. ಸೂಳೆಕೆರೆಯ ಕಂಡಿಯನ್ನು ಮುಚ್ಚಿದವರ ಉಪಾಯವೇ ಇದು. ಆದರೆ ಆ ಬಾಯಿ ಸುಮ್ಮನೆ ಒಂದು ಸಾವಿರ ಅಡಿಯದಲ್ಲ, ಇಪ್ಪತ್ತೈದು ಕಿಲೋಮೀಟರಿಗೂ ಹೆಚ್ಚಿನದು. ದ್ವೀಪದ ತೋಪುಗಳು ಅದನ್ನು ಮುಟ್ಟಲಾರವು. ಮೇಲಾಗಿ ಕುಡಿಯಲು ಅಲ್ಲಿ ಹನಿ ಸಿಹಿನೀರಿಲ್ಲ. ಕೆಲವೇ ತಿಂಗಳುಗಳಲ್ಲಿ ಅವರು ಅದನ್ನು ಬಿಟ್ಟು ಬಂದರು.

ನೀರಿನ ಮೇಲೆ ನೀರಿನ ಬರ

ಈ ನೀರಿನ ವಿಷಯ ಸಣ್ಣದಲ್ಲ. ೭೪ ತೋಪುಗಳ ಹಡಗಿನಲ್ಲಿ ಸುಮಾರು ೬೦೦ ಜನರಿರುತ್ತಿದ್ದರು. ಒಬ್ಬನಿಗೆ ದಿನಕ್ಕೆ ನಾಲ್ಕೂವರೆ ಲೀಟರಿನಂತೆ ಹಿಡಿದರೆ ದಿನಕ್ಕೆ ೨.೭ ಟನ್ನು, ಮೂರು ತಿಂಗಳಿಗೆ ಸುಮಾರು ೨೪೦ ಟನ್ನು ನೀರು ಬೇಕು. ಅದನ್ನೆಲ್ಲ ಪೀಪಾಯಿಗಳಲ್ಲಿ ತುಂಬಿ ದೋಣಿಗಳಲ್ಲಿಯೇ ತರಬೇಕು. ತಾಜಾ ಕಾಯಿಪಲ್ಲೆ ಇಲ್ಲದೆ ನಾವಿಕರ ವಸಡುಗಳು ಕೊಳೆತು ಸಾಯುತ್ತಿದ್ದ ರೋಗಕ್ಕೆ ನಿಂಬೆಯ ರಸವನ್ನು ಇಂಗ್ಲಿಷ್ ನೌಕಾಪಡೆ ೧೭೯೫ರಿಂದ ಕ್ರಮವಾಗಿ ಕೊಡತೊಡಗಿತು. ವರ್ಷಗಟ್ಟಲೆ ಕಡಲಿನಲ್ಲಿ ಕಾವಲು ನಿಲ್ಲುವುದು ಇದರಿಂದಲೇ ಸಾಧ್ಯವಾಯಿತು.

ಮಾರಿಷಸಿನ ಫ್ರೆಂಚ್ ನೌಕೆಗಳು ಹಿಂದೂ ಮಹಾಸಾಗರದ ವ್ಯಾಪಾರವನ್ನು ಕಾಡುತ್ತಿದ್ದಾಗ ಇಂಗ್ಲಿಷರು ಮೊದಲು ೧೮೦೯ರಲ್ಲಿ ಸಮೀಪದ ರೊಡ್ರಿಗಸ್ ದ್ವೀಪವನ್ನು ಹಿಡಿದದ್ದೂ ಆಹಾರ ನೀರುಗಳ ನೆಲೆಗಾಗಿಯೇ. ೧೮೧೦ರ ಆಗಸ್ಟ್ ೧೩ರ ರಾತ್ರಿ ಅವರ ದೋಣಿಗಳು ಮಾರಿಷಸಿನ ಗ್ರಾಂಡ್ ಪೋರ್ಟ್ ಕೊಲ್ಲಿಯ ಬಾಯಲ್ಲಿದ್ದ ಸಣ್ಣ ದ್ವೀಪಕೋಟೆಯನ್ನು ಗೆದ್ದವು. ಹತ್ತು ದಿನಗಳೊಳಗೆ ಅದೇ ಕೊಲ್ಲಿಗೆ ನುಗ್ಗಿದ ಹೆಬ್ಬಡಗುಗಳು ಹವಳದ ದಿಬ್ಬಗಳಲ್ಲಿ ಸಿಕ್ಕಿಕೊಂಡವು. ಎರಡನ್ನು ಅವರೇ ಸುಟ್ಟರು, ಉಳಿದ ಎರಡು ಫ್ರೆಂಚರ ವಶವಾದವು. ನೆಪೋಲಿಯನ್ನನ ವಿಜಯಗಳನ್ನು ಕೆತ್ತಿರುವ ಪ್ಯಾರಿಸ್ಸಿನ ವಿಜಯದ್ವಾರದ ಮೇಲೆ ಈ ಗೆಲುವಿನ ಹೆಸರಿದೆ. ಆದರೆ ಕಾವಲು ಮುಂದುವರಿದು, ದೊಡ್ಡ ಸೈನ್ಯ ಬಂದಿಳಿದು, ಡಿಸೆಂಬರಿನಲ್ಲಿ ದ್ವೀಪವು ಶರಣಾಯಿತು.

ಮತ್ತೆ ಅಳಿವೆಗೆ

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಡದಲ್ಲಿ, ಕರಿಕಲ್ಲಿನ ಒಂದು ಚಿಕ್ಕ ಕಾವಲುಕೋಟೆ ಇಂದಿಗೂ ನಿಂತಿದೆ. ಸುಲ್ತಾನ್ ಬತ್ತೇರಿ ಎಂದು ಅದರ ಹೆಸರು. ೧೭೮೪ರಲ್ಲಿ, ಶತ್ರುನೌಕೆಗಳು ನದಿಯೊಳಕ್ಕೆ ಬಾರದಂತೆ ತಡೆಯುವುದಕ್ಕಾಗಿ, ಟಿಪ್ಪು ಅದನ್ನು ಕಟ್ಟಿಸಿದನು. ನೋಡಲು ಹೋದವರು ಇಷ್ಟು ಚಿಕ್ಕದೇ ಎಂದು ಆಶ್ಚರ್ಯಪಡುತ್ತಾರೆ. ಚಿಕ್ಕದಾದರೂ ಅದು ನಿಂತಿರುವ ಜಾಗ ಸರಿಯಾದುದು. ಹೆಬ್ಬಡಗು ಬರಲಾರದ, ದೋಣಿ ಬರಲೇಬೇಕಾದ ಇಕ್ಕಟ್ಟಿನ ನೀರಿಗೆ ಅದರ ಕಿಂಡಿಗಳು ಮುಖಮಾಡಿವೆ. ೧೭೮೦ರ ಒಂದು ದಿನದ ಪಾಠವನ್ನು ಅಲ್ಲಿ ಕಲ್ಲಿನಲ್ಲಿ ಬರೆದಂತಿದೆ.

ವಿದ್ಯಾರ್ಥಿಗಳು ಈ ತತ್ತ್ವಗಳನ್ನು ಪರೀಕ್ಷಿಸಲು ಕಡಲಿಗೆ ಹೋಗಬೇಕಾಗಿಲ್ಲ. ಒಂದು ಅಗಲವಾದ ತಗಡಿನ ಡಬ್ಬಿಯನ್ನು ಬಾನಿಯ ನೀರಿನಲ್ಲಿ ತೇಲಿಬಿಟ್ಟು, ಅದರಲ್ಲಿ ಒಂದೊಂದಾಗಿ ತೂಕದ ಕಲ್ಲುಗಳನ್ನಿಟ್ಟು, ಅದು ಮುಳುಗಿದ ಆಳವನ್ನು ಗುರುತು ಮಾಡಿಕೊಳ್ಳಿ. ಅನಂತರ ಆ ನೀರಿಗೆ ಧಾರಾಳವಾಗಿ ಉಪ್ಪು ಬೆರೆಸಿ ಮತ್ತೆ ಅಳೆಯಿರಿ. ಸೂಳೆಕೆರೆಯ ಅಂಚಿನಲ್ಲಿ, ಕಣ್ಣು ನೀರಿನಿಂದ ಒಂದು ಮೀಟರು ಎತ್ತರದಲ್ಲಿರುವಂತೆ ಕುಳಿತರೆ ಕ್ಷಿತಿಜ ಮೂರೂವರೆ ಕಿಲೋಮೀಟರಿನಲ್ಲಿಯೇ ಇರುತ್ತದೆ. ಅದೇ ಏರಿಯ ಮೇಲೆ ಹತ್ತಿ ನಿಂತು ನೋಡಿದರೆ ಎಷ್ಟಾಗುವುದೆಂದು ನೀವೇ ಲೆಕ್ಕ ಮಾಡಿ.

ದಿಗ್ಬಂಧನದ ಭಾರವನ್ನು ಹೊತ್ತವರು ದೊರೆಗಳೂ ನೌಕಾಧಿಪತಿಗಳೂ ಮಾತ್ರವಲ್ಲ. ಮುಚ್ಚಿದ ರೇವಿನಲ್ಲಿ ಅಕ್ಕಿಯ ಮೂಟೆಗಳೊಡನೆ ಕುಳಿತ ವರ್ತಕನೂ, ಕೋಟೆಯೊಳಗೆ ಹಸಿದ ಸಿಪಾಯಿಯೂ, ತೋಪಿನ ಮುಂದೆ ಹುಟ್ಟು ಹಾಕಿದ ಖಲಾಸಿಯೂ ಅದನ್ನು ಹೊತ್ತರು. ಅವರಲ್ಲಿ ಯಾರೂ ಗಾಳಿಯನ್ನಾಗಲಿ ಮರಳನ್ನಾಗಲಿ ಬದಲಾಯಿಸಬಲ್ಲವರಾಗಿರಲಿಲ್ಲ; ಅವುಗಳ ನಿಯಮವನ್ನು ಬಲ್ಲವರು ಬದುಕಿ ಉಳಿದರು, ಬಲ್ಲದವರು ಸೋತರು. ಮುಂದೆ ಎಂದಾದರೂ ಮಂಗಳೂರಿಗೆ ಹೋದಾಗ, ಅಳಿವೆಯ ಮೇಲೆ ಬಿಳಿಯ ಗೆರೆಯಾಗಿ ಅಲೆ ಒಡೆಯುವುದು ಕಂಡರೆ, ಅದರ ಕೆಳಗಿರುವ ಮರಳದಿಬ್ಬವನ್ನು ನೆನೆಯಿರಿ. ಎರಡು ಶತಮಾನಗಳ ಹಿಂದೆ ರಾಜ್ಯಗಳ ಭವಿಷ್ಯವನ್ನು ಅಳೆದದ್ದು ಅದರ ಮೇಲಿದ್ದ ಕೆಲವೇ ಅಡಿಗಳ ನೀರು.